ಚಿರಂಜೀವಿ: ಸಾವಿಲ್ಲದವನೋ, ಬದುಕಿರುವವನೋ? – ಒಂದು ಅರ್ಥವಿಮರ್ಶೆ

ಸಾರಾಂಶ

‘ಚಿರಂಜೀವಿ’ ಎಂಬ ಪದಕ್ಕೆ ‘ಸಾವಿಲ್ಲದವನು’ ಎಂದು ಅರ್ಥ ಹೇಳುವುದು ವಾಡಿಕೆ. ದಿನಬಳಕೆಯ ಕನ್ನಡದಲ್ಲಿ, ವಿಶೇಷವಾಗಿ ಲಗ್ನಪತ್ರಿಕೆ ಮತ್ತು ಪತ್ರವ್ಯವಹಾರದಲ್ಲಿ, ಈ ಅರ್ಥವು ನಿಲ್ಲುವುದಿಲ್ಲವೆಂದು ನಾವು ವಾದಿಸುತ್ತೇವೆ. ನಾಮಪೂರ್ವ ಸ್ಥಾನದಲ್ಲಿ ಈ ಪದವು ಹಿರಿಯರ ನೆಲೆಯಿಂದ ಕಿರಿಯರನ್ನು ಗುರುತಿಸುವ ಸೂಚಕವಾಗಿದೆ. ಅದರ ‘ಚಿರಂ’ ಭಾಗ ಸವೆದಿದ್ದು, ‘ಜೀವಿ’ ಭಾಗವು ಪೂರ್ವಕಲ್ಪನೆಯಾಗಿ ಉಳಿದಿದೆ. ಚಿರ, ಅಮರ, ನಿತ್ಯ ಎಂಬ ಮೂರು ಪದಗಳ ನಡುವಿನ ಹಂಚಿಕೆಯನ್ನು ವಿಜಯನಗರ ಜಿಲ್ಲೆಯ ತಾಲ್ಲೂಕುಗಳ ಬಳಕೆಯ ಹಿನ್ನೆಲೆಯಲ್ಲಿ ಪರಿಶೀಲಿಸಿ, ಈ ಹಂಚಿಕೆ ಗಂಡಿಗೂ ಹೆಣ್ಣಿಗೂ ಒಂದೇ ಬಗೆಯದಲ್ಲವೆಂಬುದನ್ನು ತೋರಿಸಿ, ನಿಘಂಟಿನ ಉಲ್ಲೇಖ ಹೇಗಿರಬೇಕೆಂಬುದನ್ನು ಸೂಚಿಸುತ್ತೇವೆ.

ಪ್ರಮುಖ ಪದಗಳು: ಚಿರಂಜೀವಿ, ನಾಮಪೂರ್ವ ಸಂಕ್ಷೇಪ, ಸಾಮಾಜಿಕ ಸೂಚಕತ್ವ, ಪೂರ್ವಕಲ್ಪನೆ, ಅರ್ಥಸವಕಳಿ, ನಿಘಂಟು ರಚನೆ

1. ಪ್ರಶ್ನೆಯ ಸ್ವರೂಪ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿಯೂ ಸುತ್ತಲಿನ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ ಮದುವೆಯ ಹಂಗಾಮಿನಲ್ಲಿ ಮನೆಮನೆಗೆ ಬರುವ ಲಗ್ನಪತ್ರಿಕೆಗಳ ಒಕ್ಕಣೆ ಬಹುಮಟ್ಟಿಗೆ ಸ್ಥಿರವಾದುದು. ಅದರ ಮುಖ್ಯ ಘಟಕಗಳನ್ನು ಕೆಳಗಿನ ಮಾದರಿಗಳು ಪ್ರತಿನಿಧಿಸುತ್ತವೆ (ಹೆಸರುಗಳು ಕಲ್ಪಿತ):

(1) ನಮ್ಮ ಜ್ಯೇಷ್ಠ ಪುತ್ರ ಚಿ|| ರಾ|| ಕೊಟ್ರೇಶ
(2) ಇವರ ದ್ವಿತೀಯ ಪುತ್ರಿ ಚಿ|| ಕುಂ|| ಸೌ|| ಗೌರಮ್ಮ
(3) ಲಿಂ|| ಬಸಪ್ಪನವರ ಮೊಮ್ಮಗ

(1)ರಲ್ಲಿರುವ ‘ಚಿ||’ ಎಂಬುದು ‘ಚಿರಂಜೀವಿ’ಯ ಸಂಕ್ಷೇಪ, ‘ರಾ||’ ಎಂಬುದು ‘ರಾಜಶ್ರೀ’. (2)ರಲ್ಲಿ ‘ಚಿರಂಜೀವಿನಿ ಕುಂಕುಮ ಸೌಭಾಗ್ಯವತಿ’. (3)ರಲ್ಲಿ ‘ಲಿಂಗೈಕ್ಯ’. ಒಂದೇ ಪುಟದಲ್ಲಿ, ಕೆಲವು ಸಾಲುಗಳ ಅಂತರದಲ್ಲಿ, ಒಬ್ಬನು ಚಿರಂಜೀವಿ, ಇನ್ನೊಬ್ಬರು ಲಿಂಗೈಕ್ಯರು. ಪತ್ರಿಕೆಯನ್ನು ಓದುವ ಯಾರೂ ಕೊಟ್ರೇಶನಿಗೆ ಸಾವಿಲ್ಲವೆಂದು ತಿಳಿಯುವುದಿಲ್ಲ. ಅವನು ನೂರು ವರ್ಷ ಬಾಳುವನೆಂಬ ಭರವಸೆಯೂ ಅಲ್ಲಿಲ್ಲ. ಹಾಗಾದರೆ ‘ಚಿ||’ ಹೇಳುವುದು ಏನನ್ನು?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ವ್ಯುತ್ಪತ್ತಿಯ ಉತ್ತರ: ಪದಕ್ಕೆ ‘ಚಿರಕಾಲ ಬದುಕುವವನು, ಸಾವಿಲ್ಲದವನು’ ಎಂಬ ಅರ್ಥವಿದ್ದು, ಪತ್ರಿಕೆಯಲ್ಲಿ ಅದು ಹಾರೈಕೆಯಾಗಿ ಬಂದಿದೆ. ಎರಡನೆಯದು ಸುಧಾರಣಾವಾದಿ ಉತ್ತರ: ಅದು ಅರ್ಥ ಕಳೆದುಕೊಂಡ ಅಲಂಕಾರ, ಮುದ್ರಣಾಲಯದ ಅಚ್ಚು. ಮೊದಲನೆಯ ಉತ್ತರ ಪದದಲ್ಲಿ ಇಲ್ಲದ ಅರ್ಥವನ್ನು ತುಂಬುತ್ತದೆ, ಎರಡನೆಯದು ಇರುವ ಅರ್ಥವನ್ನೇ ಅಲ್ಲಗಳೆಯುತ್ತದೆ. ಎರಡೂ ಸಾಲವೆಂಬುದು ನಮ್ಮ ನಿಲುವು. ಇಲ್ಲಿ ನಾವು ಸಂಖ್ಯಾತ್ಮಕ ಸಮೀಕ್ಷೆಯನ್ನು ಮಂಡಿಸುತ್ತಿಲ್ಲ. ರೂಢಿಯ ಪ್ರಯೋಗಗಳನ್ನು ಒಪ್ಪಿತ, ಅನೊಪ್ಪಿತ ಎಂದು ವಿಂಗಡಿಸಿ ಪರೀಕ್ಷಿಸುವುದೇ ನಮ್ಮ ವಿಧಾನ. ಅನೊಪ್ಪಿತ ರೂಪಗಳನ್ನು ನಕ್ಷತ್ರ ಚಿಹ್ನೆಯಿಂದ ಗುರುತಿಸಲಾಗಿದೆ.

2. ‘ಚಿರ’ ಎಂದರೆ ಎಷ್ಟು ಕಾಲ?

ವ್ಯುತ್ಪತ್ತಿಯಿಂದಲೇ ಆರಂಭಿಸೋಣ. ಸಂಸ್ಕೃತದ ‘ಚಿರಂ’ ಎಂಬುದು ಕ್ರಿಯಾವಿಶೇಷಣ, ಅರ್ಥ ‘ದೀರ್ಘಕಾಲ’. ‘ಜೀವಿನ್’ ಎಂಬುದರಲ್ಲಿರುವ ಪ್ರತ್ಯಯವು ‘ಆ ಸ್ವಭಾವದವನು’ ಎಂಬ ಅರ್ಥವನ್ನು ಕೊಡುತ್ತದೆ, ಇಂಥ ರಚನೆಗಳನ್ನು ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ (3.2.78) ವಿವರಿಸಿದ್ದಾನೆ. ಕನ್ನಡಕ್ಕೆ ಬಂದಾಗ ಪ್ರಥಮಾ ಏಕವಚನದ ಕೊನೆಯ ದೀರ್ಘವು, ‘ನದೀ’ ಎಂಬುದು ‘ನದಿ’ಯಾದ ಹಾಗೆಯೇ, ಹ್ರಸ್ವವಾಗಿ ‘ಚಿರಂಜೀವಿ’ ಎಂದಾಯಿತು. ಈ ಘಟಕಗಳಲ್ಲಿ ಎಲ್ಲಿಯೂ ಸಾವಿನ ನಿಷೇಧವಿಲ್ಲ. ‘ಅಮರ’ದಲ್ಲಿ ಇರುವ ನಿಷೇಧಾರ್ಥದ ‘ಅ’ ಇಲ್ಲಿ ಇಲ್ಲ. ಅಳತೆ ಇದೆ, ಅಂತ್ಯವನ್ನು ಅಲ್ಲಗಳೆಯುವ ಮಾತಿಲ್ಲ.

ಅಂತ್ಯವಿಲ್ಲವೆಂಬ ಅರ್ಥವು ಪದಕ್ಕೆ ಅಂಟಿಕೊಂಡದ್ದು ಪೌರಾಣಿಕ ಪಟ್ಟಿಯಿಂದ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಮಂದಿ ಚಿರಂಜೀವಿಗಳು. ಎಂಟನೆಯವನಾಗಿ ಮಾರ್ಕಂಡೇಯನನ್ನು ಸೇರಿಸುವುದುಂಟು. ಭಾಷಾಂತರಕಾರರು ಇವರನ್ನು ‘ಅಮರರು’ ಎಂದು ಕರೆದಾಗ ಒಂದು ವಿಶೇಷ ಬಳಕೆಯು ಪದದ ಸಾಮಾನ್ಯ ಅರ್ಥವೆಂಬಂತೆ ನೆಲೆಗೊಂಡಿತು.

ಕನ್ನಡದಲ್ಲಿಯೇ ಬೆಳೆದ ‘ಚಿರ’ದ ಸಮಾಸಗಳನ್ನು ನೋಡಿದರೆ ಕಾಲದ ವ್ಯಾಪ್ತಿಯನ್ನು ಉತ್ತರಪದ ನಿರ್ಧರಿಸುವುದು ಸ್ಪಷ್ಟವಾಗುತ್ತದೆ:

(4) ಚಿರಪರಿಚಿತ – ಬಹುಕಾಲದಿಂದ ಪರಿಚಿತ
(5) ಚಿರಋಣಿ – ಬದುಕಿರುವವರೆಗೆ ಋಣಿ
(6) ಚಿರನಿದ್ರೆ, ಚಿರಶಾಂತಿ – ಮರಳಿ ಏಳದ ನಿದ್ರೆ, ಮುಗಿಯದ ಶಾಂತಿ

(4)ರ ‘ಚಿರ’ಕ್ಕೆ ಆರಂಭವುಂಟು. (5)ಕ್ಕೆ ಮಾತನಾಡುವವನ ಆಯುಷ್ಯವೇ ಮೇರೆ. (6)ರಲ್ಲಿ ಮಾತ್ರ ಮೇರೆಯಿಲ್ಲ. ಆದರೆ ಅದು ಅನ್ವಯವಾಗುವುದು ಸತ್ತವರಿಗೆ. ಬದುಕಿರುವವರಿಗೆ ಹಚ್ಚಿದಾಗ ‘ಚಿರ’ವು ಅವರ ಬದುಕಿನ ಅಳತೆಗೆ ಕುಗ್ಗುತ್ತದೆ, ಸತ್ತವರಿಗೆ ಹಚ್ಚಿದಾಗ ಮಾತ್ರ ಅನಂತವಾಗುತ್ತದೆ. ‘ಚಿರಂಜೀವಿ’ಯ ಉತ್ತರಪದವು ‘ಜೀವಿ’ಯೇ ಆಗಿರುವುದರಿಂದ ಅದು ಮೊದಲ ಗುಂಪಿಗೆ ಸೇರುತ್ತದೆ.

ಆಡುಮಾತಿನ ಹಾರೈಕೆಗಳೂ ಇದನ್ನೇ ಸಮರ್ಥಿಸುತ್ತವೆ. ಈ ಭಾಗದಲ್ಲಿ ಕಿರಿಯರು ಕಾಲಿಗೆ ಬಿದ್ದಾಗ ಬರುವ ಮಾತು ‘ನೂರು ವರ್ಷ ಬಾಳು’ ಅಥವಾ ‘ಹೊಟ್ಟೆ ತಣ್ಣಗಿರಲಿ’. ನೆನೆದವನೇ ಎದುರಿಗೆ ಬಂದರೆ ‘ನಿಂಗ ನೂರು ವರ್ಷ ಆಯುಷ್ಯ ನೋಡು’ ಎನ್ನುತ್ತಾರೆ. ನೂರು ಎಂಬುದು ಎಣಿಕೆಗೆ ಸಿಗುವ ಸಂಖ್ಯೆ. ಹಾರೈಕೆಯು ಬೇಡುವುದು ತುಂಬು ಆಯುಷ್ಯವನ್ನು, ಮುಗಿಯದ ಆಯುಷ್ಯವನ್ನಲ್ಲ. ಚಾಲುಕ್ಯ ಕಾಲದ ಶಾಸನಗಳಲ್ಲಿಯೂ ಇದೇ ವಿವೇಕವಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇಗುಲಗಳಂಥ ರಚನೆಗಳು ಎದ್ದ ಆ ಕಾಲದ ಶಾಸನಭಾಷೆಯಲ್ಲಿ ‘ಆಚಂದ್ರಾರ್ಕತಾರಂ’ ಎಂಬುದು ರೂಢಿಯ ಸೂತ್ರ. ಚಂದ್ರ, ಸೂರ್ಯ, ನಕ್ಷತ್ರಗಳಿರುವ ತನಕ ಸಲ್ಲಬೇಕಾದುದು ರಾಜ್ಯ ಮತ್ತು ದತ್ತಿ. ರಾಜನ ಶರೀರಕ್ಕೆ ಆ ಅಳತೆಯನ್ನು ಹಚ್ಚಿಲ್ಲ.

3. ನಾಲ್ಕು ಸ್ಥಾನ, ನಾಲ್ಕು ಅರ್ಥ

‘ಚಿರಂಜೀವಿ’ಯ ಅರ್ಥವನ್ನು ಅದು ವಾಕ್ಯದಲ್ಲಿ ನಿಂತ ಸ್ಥಾನದಿಂದ ಬೇರ್ಪಡಿಸಿ ಹೇಳಲಾಗದು. ನಾವು ನಾಲ್ಕು ಸ್ಥಾನಗಳನ್ನು ಗುರುತಿಸುತ್ತೇವೆ.

ಮೊದಲನೆಯದು ಆಖ್ಯಾತ ಸ್ಥಾನ:

(7) ಇಲ್ಲಿ ಯಾರೂ ಚಿರಂಜೀವಿಗಳಲ್ಲ.
(8) ನಾನೇನು ಚಿರಂಜೀವಿಯೇ?
(9) ಹನುಮಂತ ಚಿರಂಜೀವಿ.
(10) *ನಮ್ಮ ಊರಿನ ಗೌಡರು ಚಿರಂಜೀವಿ.

ಇಲ್ಲಿ ಮಾತ್ರ ಪದಕ್ಕೆ ‘ಸಾವಿಲ್ಲದವನು’ ಎಂಬ ಅರ್ಥ ಪೂರ್ಣವಾಗಿದೆ. ಗಮನಿಸಬೇಕಾದುದೆಂದರೆ, ಮನುಷ್ಯರ ವಿಷಯದಲ್ಲಿ ಈ ಪ್ರಯೋಗವು ನಿಷೇಧ, ಪ್ರಶ್ನೆ, ವ್ಯಂಗ್ಯಗಳಲ್ಲಿ ಸಹಜವಾಗಿ ಬರುತ್ತದೆ. ಸರಳ ವಿಧಿವಾಕ್ಯದಲ್ಲಿ ಬರಬೇಕಾದರೆ ಕರ್ತೃವು ಪುರಾಣಪುರುಷನಾಗಿರಬೇಕು, ಇಲ್ಲವೇ ಹಾಡು, ಕೀರ್ತಿ, ಕೃತಿಯಂಥ ವಸ್ತುವಾಗಿರಬೇಕು. (10) ವ್ಯಾಕರಣಶುದ್ಧವಾದರೂ ವ್ಯಂಗ್ಯವಾಗಿಯಲ್ಲದೆ ನಿಲ್ಲದು. ನಿಘಂಟುಗಳು ಮೊದಲ ಅರ್ಥವಾಗಿ ಕೊಡುವ ಅರ್ಥವನ್ನು ಆಡುಗರು ಮನುಷ್ಯರಿಗೆ ಹಚ್ಚುವುದು ಮುಖ್ಯವಾಗಿ ಅದನ್ನು ನಿರಾಕರಿಸುವುದಕ್ಕಾಗಿ.

ಎರಡನೆಯದು ಆಶೀರ್ವಾದ ಸ್ಥಾನ: ‘ಚಿರಂಜೀವಿಯಾಗು’, ‘ಚಿರಂಜೀವಿಯಾಗಿ ಬಾಳು’. ಆಸ್ಟಿನ್ (1962) ಹೇಳುವ ಅರ್ಥದಲ್ಲಿ ಇದು ಕೃತ್ಯವಾಚಕ. ಸತ್ಯ, ಅಸತ್ಯಗಳ ಪ್ರಶ್ನೆ ಇದಕ್ಕೆ ಹೊಂದದು. ಆಯುಷ್ಯದ ಹಾರೈಕೆಯನ್ನು ಪ್ರತ್ಯೇಕ ವ್ಯಾಕರಣ ಸಂದರ್ಭವಾಗಿ ಗುರುತಿಸುವ ಸಂಪ್ರದಾಯ ಪಾಣಿನಿಯಷ್ಟು ಹಳೆಯದು: ಆಶೀರ್ವಾದದಲ್ಲಿ ಆಯುಷ್ಯಾರ್ಥದ ಪದಗಳೊಡನೆ ಚತುರ್ಥಿಯು ವಿಕಲ್ಪವಾಗಿ ಬರುತ್ತದೆಂದು ಆತನ ಸೂತ್ರವಿದೆ (2.3.73).

ಮೂರನೆಯದು ನಾಮಪೂರ್ವ ಸ್ಥಾನ; (1), (2)ರಲ್ಲಿ ಕಂಡದ್ದು. ಇದಕ್ಕೆ ಮೂರು ಲಕ್ಷಣಗಳಿವೆ. ಅದನ್ನು ನಿಷೇಧಿಸಲಾಗದು: ‘ಚಿ|| ಕೊಟ್ರೇಶ ಬರಲಿಲ್ಲ’ ಎಂದರೆ ನಿಷೇಧವಾಗುವುದು ಬರುವಿಕೆ ಮಾತ್ರ, ಚಿರಂಜೀವಿತ್ವವಲ್ಲ. ಎರಡನೆಯದಾಗಿ, ಅದಕ್ಕೆ ಮಾತಿನ ಕೇಂದ್ರವೊಂದು ಬೇಕು. ಪತ್ರಿಕೆಯಲ್ಲಿ ಮಾತನಾಡುತ್ತಿರುವವರು ತಂದೆತಾಯಿ ಅಥವಾ ಮನೆಯ ಹಿರಿಯರು. ವರನು ತಾನೇ ಆಹ್ವಾನಿಸುವಾಗ ತನ್ನ ಹೆಸರಿನ ಹಿಂದೆ ‘ಚಿ||’ ಹಾಕಿಕೊಳ್ಳುವುದು ಸಲ್ಲದು:

(11) *ನನ್ನ ಮದುವೆಗೆ ಬನ್ನಿ, ಇಂತು ಚಿ|| ಕೊಟ್ರೇಶ
(12) *ಚಿ|| ನಮ್ಮ ತಂದೆಯವರು

ಮೂರನೆಯದಾಗಿ, ಅದು ಪರಸ್ಪರವಲ್ಲ. ಹಳೆಯ ಪತ್ರವ್ಯವಹಾರದಲ್ಲಿ ತಂದೆ ಮಗನಿಗೆ ‘ಚಿ||’ ಎಂದು ಬರೆದರೆ ಮಗ ತಂದೆಗೆ ‘ತೀ|| ರೂ||’, ಅಂದರೆ ‘ತೀರ್ಥರೂಪ’, ಎಂದು ಬರೆಯುತ್ತಾನೆ. ಸರ್ವನಾಮಗಳ ವಿಷಯದಲ್ಲಿ ಬ್ರೌನ್ ಮತ್ತು ಗಿಲ್‌ಮನ್ (1960) ವಿವರಿಸಿದ ಅಧಿಕಾರದ ಅಸಮ ಸಂಬಂಧವೇ ಇಲ್ಲಿ ನಾಮಪೂರ್ವ ಸಂಕ್ಷೇಪಗಳಲ್ಲಿ ಕಾಣುತ್ತದೆ. ಹೀಗಾಗಿ ‘ಚಿ||’ ವರ್ಣಿಸುವುದು ಕೊಟ್ರೇಶನ ಆಯುಷ್ಯವನ್ನಲ್ಲ. ಮಾತನಾಡುವವರಿಗೂ ಅವನಿಗೂ ಇರುವ ಸಂಬಂಧವನ್ನು. ಫಿಲ್ಮೋರ್ ಅವರು 1971ರ ಉಪನ್ಯಾಸಗಳಲ್ಲಿ ಸಾಮಾಜಿಕ ಸೂಚಕತ್ವವೆಂದು ಕರೆದ ವರ್ಗಕ್ಕೆ ಇದು ಸೇರುತ್ತದೆ.

ನಾಲ್ಕನೆಯದು ನಾಮ ಸ್ಥಾನ: ‘ನಿಮ್ಮ ಚಿರಂಜೀವಿ ಏನು ಮಾಡ್ತಾನೆ?’ ಇಲ್ಲಿ ಪದದ ಅರ್ಥ ‘ಮಗ’ ಎಂದೇ. ಮರಾಠಿಯ ‘ಚಿರಂಜೀವ’ವೂ ಇದೇ ದಾರಿ ಹಿಡಿದಿದೆ. ಹಿರಿಯರು ಮಗನ ಹೆಸರಿನ ಹಿಂದೆ ಹಚ್ಚುತ್ತಿದ್ದ ಗುರುತು, ಹೆಸರನ್ನು ಬಿಟ್ಟು ತಾನೇ ಬಂಧುವಾಚಕವಾಯಿತು. ಈ ಬೆಳವಣಿಗೆ ಸಾಧ್ಯವಾದದ್ದೇ ನಾಮಪೂರ್ವ ಸ್ಥಾನದಲ್ಲಿ ಪದವು ಸಂಬಂಧವಾಚಕವಾಗಿದ್ದುದರಿಂದ. ‘ಸಾವಿಲ್ಲದವನು’ ಎಂಬ ಅರ್ಥದಿಂದ ‘ಮಗ’ ಎಂಬಲ್ಲಿಗೆ ನೇರ ದಾರಿಯಿಲ್ಲ.

4. ಸವೆದ ಭಾಗ, ಉಳಿದ ಭಾಗ

ಇಷ್ಟಾದ ಮೇಲೆ ಸುಧಾರಣಾವಾದಿ ಉತ್ತರವೇ ಸರಿಯಲ್ಲವೇ ಎಂಬ ಆಕ್ಷೇಪ ಬರಬಹುದು. ಹೊಸಹಳ್ಳಿ ಎಂಬ ಹೆಸರನ್ನೇ ನೋಡಬಹುದು: ತಲೆಮಾರುಗಳು ಕಳೆದರೂ ಊರು ಹೊಸಹಳ್ಳಿಯೇ. ಕರ್ನಾಟಕದ ಉದ್ದಗಲಕ್ಕೂ ಇರುವ ಹೊಸಹಳ್ಳಿಗಳಲ್ಲಿ ಯಾವುದನ್ನೂ ‘ಹೊಸತೇ?’ ಎಂದು ಯಾರೂ ಪರೀಕ್ಷಿಸುವುದಿಲ್ಲ. ‘ಚಿ||’ ಕೂಡ ಹಾಗೆ ಹೆಪ್ಪುಗಟ್ಟಿದ ಅಕ್ಷರವಾಗಿರಬಾರದೇಕೆ?

ಹೋಲಿಕೆ ಅರ್ಧದವರೆಗೆ ಮಾತ್ರ ಸರಿ. ಹೊಸಹಳ್ಳಿ ಅಂಕಿತನಾಮ. ‘ಚಿರಂಜೀವಿ’ಯೂ ಅಂಕಿತನಾಮವಾದಾಗ ಹೀಗೆಯೇ ವರ್ತಿಸುತ್ತದೆ. ಆ ಹೆಸರಿನ ವ್ಯಕ್ತಿ ತೀರಿಕೊಂಡರೆ ‘ದಿ|| ಚಿರಂಜೀವಿ’ ಎಂದು ಬರೆಯಲು ವ್ಯಾಕರಣದ ಅಡ್ಡಿಯಿಲ್ಲ. ವಿರೋಧಾಭಾಸ ಕಿವಿಗೆ ತಾಕಬಹುದು, ರಚನೆ ಮುರಿಯುವುದಿಲ್ಲ. ನಾಮಪೂರ್ವ ಸಂಕ್ಷೇಪದ ವಿಷಯ ಬೇರೆ:

(13) ದಿ|| ಚಿರಂಜೀವಿ (ಅಂಕಿತನಾಮ)
(14) *ದಿ|| ಚಿ|| ಕೊಟ್ರೇಶ
(15) *ಲಿಂ|| ಚಿ|| ಕೊಟ್ರೇಶ

(14), (15) ಯಾವ ಸಂದರ್ಭದಲ್ಲಿಯೂ ನಿಲ್ಲವು. ಮೃತರು ಎಷ್ಟೇ ಕಿರಿಯರಾಗಿರಲಿ, ಬರೆಯುವವರು ಎಷ್ಟೇ ಹಿರಿಯರಾಗಿರಲಿ, ಸಾವಿನೊಡನೆ ‘ಚಿ||’ ಬಿದ್ದುಹೋಗುತ್ತದೆ. ಅಂದರೆ ಪದದ ಎರಡು ಭಾಗಗಳಿಗೆ ಎರಡು ಗತಿಗಳಾಗಿವೆ. ‘ಚಿರಂ’ ಸವೆದುಹೋಗಿದೆ; ‘ಜೀವಿ’ ಉಳಿದಿದೆ. ಆದರೆ ಅದು ಹೇಳಿಕೆಯಾಗಿ ಉಳಿದಿಲ್ಲ, ಪೂರ್ವಕಲ್ಪನೆಯಾಗಿ ಉಳಿದಿದೆ: ಯಾರಿಗೆ ‘ಚಿ||’ ಹಚ್ಚುತ್ತೇವೆಯೋ ಅವರು ಬದುಕಿದ್ದಾರೆ. ದೀರ್ಘ ಬದುಕನ್ನು ಸಾರುವ ಪದವು ಬದುಕಿರುವಿಕೆಯನ್ನಷ್ಟೇ ಖಚಿತವಾಗಿ ಹೇಳುತ್ತಿದೆ. ಇದನ್ನು ಅರ್ಥಹೀನ ಅಲಂಕಾರವೆನ್ನಲಾಗದು. ಅರ್ಥಹೀನವಾದುದನ್ನು ತಪ್ಪಾಗಿ ಬಳಸಲು ಸಾಧ್ಯವಿಲ್ಲ. ‘ಚಿ||’ ತಪ್ಪಾದ ಹೆಸರಿನ ಮುಂದೆ ಅಚ್ಚಾದರೆ ಮನೆಯವರು ಪತ್ರಿಕೆಗಳನ್ನು ಮತ್ತೆ ಅಚ್ಚು ಹಾಕಿಸುತ್ತಾರೆ.

5. ಅಮರರು ಸತ್ತವರು

‘ಚಿರಂಜೀವಿ’ಗೆ ಸಮಾನಾರ್ಥಕವೆಂದು ಹೇಳಲಾಗುವ ‘ಅಮರ’ದ ಬಳಕೆ ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನದು. ‘ಅಮರರಾದರು’ ಎಂದರೆ ತೀರಿಕೊಂಡರು ಎಂದರ್ಥ. ‘ಅಮರ ಸೇನಾನಿ’, ‘ಅಮರಶಿಲ್ಪಿ’ ಎಂಬ ಬಿರುದುಗಳು ಆಗಿಹೋದವರಿಗೆ ಸಲ್ಲುತ್ತವೆ. ಬದುಕಿರುವ ಅಧಿಕಾರಿಯೊಬ್ಬರನ್ನು ವೇದಿಕೆಯಲ್ಲಿ ‘ಅಮರ’ರೆಂದು ಸ್ವಾಗತಿಸಿದರೆ ಅದು ಅಪಶಕುನವಾಗುತ್ತದೆ. ವೀರಗಲ್ಲಿನ ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು ಅವನು ಮಡಿದ ಬಳಿಕವೇ. ಅಮರತ್ವದ ಬಾಗಿಲು ಸಾವು. ‘ಲಿಂಗೈಕ್ಯ’, ‘ಶಿವೈಕ್ಯ’ ಎಂಬ ಪದಗಳು, ಉಜ್ಜಿನಿ ಪೀಠ ಮತ್ತು ಕೊಟ್ಟೂರೇಶ್ವರರ ಪ್ರಭಾವವಿರುವ ಈ ಸೀಮೆಯಲ್ಲಿ, ಸಾವನ್ನು ಅಂತ್ಯವೆನ್ನದೆ ಒಂದಾಗುವಿಕೆ ಎಂದು ಹೆಸರಿಸುತ್ತವೆ. ಬಳಕೆಯಲ್ಲಿ ಅವೂ ‘ಅಮರ’ದ ಸಾಲಿನವು.

ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ವ್ಯಕ್ತಿನಾಮಕ್ಕೆ ಹಚ್ಚಿದಾಗ ‘ಚಿರಂಜೀವಿ’ಯು ವ್ಯಕ್ತಿ ಬದುಕಿರುವುದನ್ನೂ ‘ಅಮರ’ವು ಬದುಕಿಲ್ಲದಿರುವುದನ್ನೂ ಪೂರ್ವಕಲ್ಪಿಸುತ್ತವೆ. ‘ಕ್ರಾಂತಿ ಚಿರಾಯುವಾಗಲಿ’ ಎಂಬ ಘೋಷಣೆಯಲ್ಲಿ ‘ಚಿರ’ ಇರುವುದೂ ಹುತಾತ್ಮರ ಹೆಸರಿನೊಡನೆ ‘ಅಮರ’ ಇರುವುದೂ ಈ ಹಂಚಿಕೆಗೆ ಅನುಗುಣವಾಗಿಯೇ ಇವೆ. ಎರಡೂ ಪದಗಳಿಗೆ ‘ಸಾವಿಲ್ಲದ’ ಎಂಬ ಒಂದೇ ಅರ್ಥವನ್ನು ಕೊಡುವ ದ್ವಿಭಾಷಾ ಪದಕೋಶವು, ಕನ್ನಡ ಕಲಿಯುವವನು ಜೀವಂತ ವ್ಯಕ್ತಿಯನ್ನು ಸತ್ತವನಂತೆ ಸಂಬೋಧಿಸುವ ಸಾಧ್ಯತೆಯನ್ನು ತೆರೆದಿಡುತ್ತದೆ.

6. ಹೆಣ್ಣಿನ ಚಿರ, ಹೆಣ್ಣಿನ ನಿತ್ಯ

ಈವರೆಗಿನ ವಿವರಣೆಯು (1)ಕ್ಕೆ ಹೊಂದುತ್ತದೆ. (2)ಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ವರನ ‘ಚಿ||’ಗೆ ಜೊತೆಯಾಗಿ ಬರುವ ‘ರಾ||’ ಗೌರವವಾಚಕ ಮಾತ್ರ. ವಧುವಿನ ‘ಚಿ||’ಗೆ ಜೊತೆಯಾಗಿ ಬರುವ ‘ಕುಂ|| ಸೌ||’ ಇನ್ನೊಬ್ಬನ ಆಯುಷ್ಯವನ್ನು ಹೇಳುತ್ತದೆ: ಗಂಡ ಬದುಕಿರುವವಳು. ಮದುವೆ ಇನ್ನೂ ಆಗಿರದಿದ್ದರೂ ಪತ್ರಿಕೆಯು ಅದನ್ನು ಆದಂತೆ ನುಡಿಯುತ್ತದೆ.

ನೆರೆಯ ಭಾಷೆಗಳೊಡನೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಮರಾಠಿಯ ‘ಚಿ|| ಸೌ|| ಕಾಂ||’ ಎಂಬುದು ‘ಸೌಭಾಗ್ಯಕಾಂಕ್ಷಿಣಿ’. ಅಲ್ಲಿ ಸೌಭಾಗ್ಯ ಬಯಕೆಯ ಸ್ಥಿತಿಯಲ್ಲಿದೆ. ತೆಲುಗಿನ ‘ಚಿ|| ಲ|| ಸೌ||’ ಎಂಬುದು ‘ಲಕ್ಷ್ಮೀ ಸೌಭಾಗ್ಯವತಿ’. ಕನ್ನಡವು ಕುಂಕುಮವೆಂಬ ಗುರುತನ್ನೇ ಹೆಸರಿಗೆ ಸೇರಿಸಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿ ತೆಲುಗು ಸೀಮೆಯ ತಾಲ್ಲೂಕುಗಳೊಡನೆ ಇದ್ದವು. ಎರಡು ಭಾಷೆಗಳ ಒಕ್ಕಣೆಗಳು ಒಂದರ ಪಕ್ಕದಲ್ಲೊಂದು ಬೆಳೆದ ನೆಲವಿದು. ‘ಕುಂ||’ ಎಂಬುದನ್ನು ಕೆಲವರು ‘ಕುಮಾರಿ’ ಎಂದು ಬಿಡಿಸಿ ‘ಕು||’ ಎಂದು ಬರೆಯುವುದೂ ಉಂಟು. ಈ ಮರುವಿಂಗಡಣೆ ಕುತೂಹಲಕರವಾದುದು: ಗಂಡನ ಸೂಚನೆಯ ಜಾಗಕ್ಕೆ ವಧುವಿನದೇ ಸ್ಥಿತಿಯ ಸೂಚನೆ ಬರುತ್ತದೆ.

ಆಶೀರ್ವಾದದಲ್ಲಿ ಅಸಮತೆ ಇನ್ನೂ ಸ್ಪಷ್ಟ. ಗಂಡಿಗೆ ‘ಆಯುಷ್ಮಾನ್ ಭವ’. ಹೆಣ್ಣಿಗೆ ‘ದೀರ್ಘಸುಮಂಗಲೀ ಭವ’. ಎರಡನೆಯದರಲ್ಲಿ ‘ದೀರ್ಘ’ವು ವಿಶೇಷಿಸುವುದು ಅವಳ ಆಯುಷ್ಯವನ್ನಲ್ಲ, ಸುಮಂಗಲಿತನವನ್ನು. ತರ್ಕವನ್ನು ಬಿಡಿಸಿದರೆ ಆ ಹಾರೈಕೆ ಎರಡು ರೀತಿಯಲ್ಲಿ ಫಲಿಸಬಹುದು: ಗಂಡನು ಬಹುಕಾಲ ಬದುಕಬೇಕು, ಅಥವಾ ಅವಳು ಅವನಿಗಿಂತ ಮೊದಲು ಸಾಯಬೇಕು. ‘ಮುತ್ತೈದೆ ಸಾವು’ ಭಾಗ್ಯವೆಂಬ ಮಾತು ಎರಡನೆಯ ಓದಿಗೆ ಸಾಕ್ಷಿ. ಗಂಡಿನ ಹಾರೈಕೆಗೆ ಇಂಥ ಎರಡನೆಯ ಓದಿಲ್ಲ.

ಈ ತರ್ಕದ ಕೊನೆಯ ಮೆಟ್ಟಿಲು ‘ನಿತ್ಯಸುಮಂಗಲಿ’ ಅಥವಾ ‘ನಿತ್ಯಮುತ್ತೈದೆ’. ದೇವದಾಸಿ ಪದ್ಧತಿ ಬೇರೂರಿದ್ದ ಪ್ರದೇಶಗಳಲ್ಲಿ ಈ ತಾಲ್ಲೂಕುಗಳೂ ಸೇರಿವೆ. ದೇವರಿಗೆ ಬಿಟ್ಟ ಹೆಣ್ಣು ನಿತ್ಯಮುತ್ತೈದೆ. ಏಕೆಂದರೆ ಅವಳ ಗಂಡನೆನಿಸಿದ ದೈವಕ್ಕೆ ಸಾವಿಲ್ಲ. ‘ದೀರ್ಘ’ವು ಮನುಷ್ಯನಾದ ಗಂಡನ ಆಯುಷ್ಯದಿಂದ ಅಳತೆ ಪಡೆದಂತೆ ‘ನಿತ್ಯ’ವು ದೈವದಿಂದ ಅಳತೆ ಪಡೆಯುತ್ತದೆ. ಎರಡರಲ್ಲಿಯೂ ಕಾಲದ ಮೂಲ ಅವಳಲ್ಲ. 1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮವು ಸಮರ್ಪಣೆಯನ್ನು ಅಪರಾಧವಾಗಿಸಿತು. ಆದರೆ ‘ನಿತ್ಯಸುಮಂಗಲಿ’ಗೆ ‘ಸದಾ ಮಂಗಳವುಳ್ಳವಳು’ ಎಂದಷ್ಟೇ ಅರ್ಥ ಬರೆದರೆ, ಮಕ್ಕಳ ತಂದೆಯ ಹೆಸರನ್ನೂ ಆಸ್ತಿಯನ್ನೂ ಕೇಳಲಾಗದೆ ಉಳಿದ ಹೆಣ್ಣಿಗೆ ಕೊಟ್ಟ ಹೆಸರು ಅದೆಂಬುದು ಮರೆಯಾಗುತ್ತದೆ. ಅನಂತತೆಯ ಪದಗಳಲ್ಲಿ ಅತ್ಯಂತ ಉದ್ದದ ಕಾಲವನ್ನು ಪಡೆದವಳು ಬದುಕಿನಲ್ಲಿ ಅತ್ಯಂತ ಕಡಿಮೆ ಆಸರೆ ಪಡೆದವಳಾಗಿದ್ದಳು. ವಾಚ್ಯಾರ್ಥಕ್ಕೆ ಅಂಟಿಕೊಂಡ ಅರ್ಥವಿವರಣೆಯು ಇಂಥಲ್ಲಿ ಅಪೂರ್ಣವಾಗುವುದಷ್ಟೇ ಅಲ್ಲ, ಪದ್ಧತಿಯ ಪರವಾಗಿ ಮಾತನಾಡಿದಂತಾಗುತ್ತದೆ.

7. ನಿಘಂಟಿಗೆ ಒಂದು ಸೂಚನೆ

ಕನ್ನಡದ ನಿಘಂಟು ಪರಂಪರೆ ಸಣ್ಣದಲ್ಲ. ಕಿಟ್ಟೆಲ್ ಅವರ 1894ರ ನಿಘಂಟೂ, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಯಾವ ಭಾರತೀಯ ಭಾಷೆಗೂ ಹೆಮ್ಮೆ ತರುವಂಥವು. ಪರಿಷತ್ತಿನ ನಿಘಂಟು ಚಾರಿತ್ರಿಕ ತತ್ತ್ವದ ಮೇಲೆ, ಮುಖ್ಯವಾಗಿ ಶಾಸನ ಮತ್ತು ಸಾಹಿತ್ಯ ಕೃತಿಗಳ ಪ್ರಯೋಗಗಳನ್ನು ಆಧರಿಸಿ ರಚಿತವಾಯಿತು. ಲಗ್ನಪತ್ರಿಕೆ, ಮನೆಯ ಕಾಗದ, ಶ್ರದ್ಧಾಂಜಲಿಯ ಜಾಹೀರಾತುಗಳು ಅಂಥ ಆಕರಗಳ ಅಂಚಿನಲ್ಲಿರುವಂಥವು. ‘ಚಿ||’ ಎಂಬ ಎರಡು ಗೀಟಿನ ಅಕ್ಷರವು ಸಾಹಿತ್ಯಕೃತಿಯಲ್ಲಿ ವಿರಳವಾಗಿ ಸಿಗುವುದರಿಂದ, ಅದರ ವ್ಯಾಕರಣವನ್ನು ಸಾಹಿತ್ಯದಿಂದ ಮಾತ್ರ ಹೊರತೆಗೆಯಲಾಗದು.

ಮುಂದಿನ ಪರಿಷ್ಕರಣಗಳಲ್ಲಿ ‘ಚಿರಂಜೀವಿ’ಯ ಉಲ್ಲೇಖ ಈ ಕ್ರಮದಲ್ಲಿರಬಹುದೆಂದು ನಾವು ಸೂಚಿಸುತ್ತೇವೆ: (ಅ) ನಾಮಪೂರ್ವ ಸಂಕ್ಷೇಪ, ‘ಚಿ||’: ಹಿರಿಯರು ತಮಗಿಂತ ಕಿರಿಯರಾದ, ಬದುಕಿರುವ ವ್ಯಕ್ತಿಯ ಹೆಸರಿಗೆ ಹಚ್ಚುವುದು, ಮೃತರಿಗೆ ಸಲ್ಲದು. (ಆ) ನಾಮ: ಮಗ. (ಇ) ಆಶೀರ್ವಾದ ವಾಕ್ಯದಲ್ಲಿ: ತುಂಬು ಆಯುಷ್ಯದ ಹಾರೈಕೆ. (ಈ) ಆಖ್ಯಾತ: ಸಾವಿಲ್ಲದವನು, ಪುರಾಣಪುರುಷರ ವಿಷಯದಲ್ಲಿ ವಿಧಿರೂಪದಲ್ಲಿ, ಮನುಷ್ಯರ ವಿಷಯದಲ್ಲಿ ಪ್ರಾಯಶಃ ನಿಷೇಧ, ಪ್ರಶ್ನೆ, ವ್ಯಂಗ್ಯಗಳಲ್ಲಿ. ‘ಸೌ||’, ‘ಲಿಂ||’, ‘ದಿ||’, ‘ತೀ|| ರೂ||’ಗಳಿಗೂ ಇಂಥದೇ ಉಲ್ಲೇಖಗಳು ಬೇಕು, ಅವು ಬಿಡಿ ಪದಗಳಲ್ಲ, ಒಬ್ಬ ವ್ಯಕ್ತಿಯ ಹುಟ್ಟಿನಿಂದ ಸಾವಿನಾಚೆಗೆ ಸಮುದಾಯವು ಅವನನ್ನು ಅಥವಾ ಅವಳನ್ನು ಎಲ್ಲಿ ನಿಲ್ಲಿಸುತ್ತದೆಂಬುದನ್ನು ಹೇಳುವ ಒಂದೇ ಶ್ರೇಣಿ.

ಈಗ ‘ಚಿ||’ ಇಲ್ಲದ, ಹೆಸರುಗಳಷ್ಟೇ ಇರುವ ಆಮಂತ್ರಣಗಳೂ ಬರತೊಡಗಿವೆ. ಆಹ್ವಾನಿಸುವವರು ವಧೂವರರೇ ಆದಾಗ ಹಿರಿಯರ ನೆಲೆಯ ಸೂಚಕಕ್ಕೆ ಅಲ್ಲಿ ಜಾಗವಿಲ್ಲದಿರುವುದು ನಮ್ಮ ವಿಶ್ಲೇಷಣೆಗೆ ಅನುಗುಣವಾಗಿಯೇ ಇದೆ. ಈ ಶ್ರೇಣಿ ಬಳಕೆಯಿಂದ ಸರಿಯುವ ಮುನ್ನ ಅದರ ನಿಯಮಗಳನ್ನು ದಾಖಲಿಸುವುದು ಸಂಶೋಧನಾ ವಿದ್ಯಾರ್ಥಿಗಳ ಕೈಯಲ್ಲಿರುವ ಕೆಲಸ. ಅದಕ್ಕೆ ಬೇಕಾದ ಆಕರಗಳು ಪ್ರತಿ ಮನೆಯ ಕಪಾಟಿನಲ್ಲಿಯೂ, ಪ್ರತಿ ತಾಲ್ಲೂಕಿನ ಮುದ್ರಣಾಲಯದಲ್ಲಿಯೂ ಇವೆ.